ಮಂಡಕ್ಕಿಗೂ ಹತ್ತಿದ ಸೋಂಕು

ಮಂಡಕ್ಕಿ ಹಾಕಿಕೊಳ್ಳಿ, ಮೆಣಸಿನಕಾಯಿ ಬಜ್ಜಿ ಇನ್ನೂ ಬಿಸಿ ಇದೆ. ಈ ಮಂಡಕ್ಕಿಯನ್ನೇ ನಾನೊಮ್ಮೆ ಬಾಗಿಲಿಂದ ವಾಪಸು ಕಳಿಸಿದ್ದೆ. ಕೊರೊನಾ ಕಾಲದ ಆ ಕಥೆ ಹೇಳುತ್ತೇನೆ.

2020ರ ಮಾರ್ಚ್ ಮೊದಲ ವಾರ ನಮ್ಮ ದಾವಣಗೆರೆಯಲ್ಲಿ ದುರ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಹಬ್ಬ, ಮನೆಮನೆಯಲ್ಲೂ ನೆಂಟರು. ಅವರೆಲ್ಲ ಊರಿಗೆ ಮರಳಿ ಮೂರು ವಾರ ಆಗಿರಲಿಲ್ಲ, 22ರ ಭಾನುವಾರ ಸಂಜೆ ಐದಕ್ಕೆ ಓಣಿಯವರೆಲ್ಲ ಮಾಳಿಗೆ ಹತ್ತಿ ತಟ್ಟೆ ಬಡಿದೆವು. ಡಾಕ್ಟರಿಗೆ, ನರ್ಸಮ್ಮಂದಿರಿಗೆ ನಮ್ಮ ಕೃತಜ್ಞತೆ ಅಂತ. ನಾನು ಬಡಿದ ಹಿತ್ತಾಳೆ ತಟ್ಟೆಯ ಅಂಚು ಅವತ್ತು ನೆಗ್ಗಿದ್ದು ಇವತ್ತಿಗೂ ಹಾಗೇ ಇದೆ.

ಏಪ್ರಿಲ್ ಕೊನೆಯಲ್ಲಿ ಟೀವಿಯ ನಕ್ಷೆಯಲ್ಲಿ ನಮ್ಮ ಜಿಲ್ಲೆ ಹಸಿರಾಯಿತು. ‘ಗ್ರೀನ್ ಝೋನ್’ ಅಂತ ಊರು ಉಸಿರು ಬಿಟ್ಟಿತ್ತಷ್ಟೇ, ನರ್ಸ್ ಒಬ್ಬರಿಗೆ ಸೋಂಕು ತಗುಲಿದ ಸುದ್ದಿ ಬಂತು. ಮಾರ್ಚ್‌ನಲ್ಲಿ ಯಾರಿಗಾಗಿ ತಟ್ಟೆ ಬಡಿದಿದ್ದೆವೋ ಅಂಥವರೇ ಒಬ್ಬರು. ಆದರೆ ಅವರ ಆರೋಗ್ಯ ಹೇಗಿದೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಕೇಳಿದ್ದೆಲ್ಲ ಒಂದೇ: ‘ಯಾವ ಏರಿಯಾ?’ ಬಾಷಾನಗರ, ಜಾಲಿನಗರಗಳಿಗೆ ಸೀಲ್‌ಡೌನ್ ಬಿತ್ತು. ಮೇ 3ರಂದು ವಾಯುಪಡೆಯವರು ದೇಶದ ಆಸ್ಪತ್ರೆಗಳ ಮೇಲೆ ಹೂವು ಸುರಿಸಿದರು. ಅದೇ ದಿನ ನಮ್ಮ ಜಿಲ್ಲೆಯಲ್ಲಿ 21 ಪ್ರಕರಣ.

ಆ ಕಡೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಮೇಲೆ ಹೊಗೆಯಿಲ್ಲದ ಆಕಾಶ ಮೊದಲ ಸಲ ಕಂಡದ್ದು ಆಗ. ಮಂಡಕ್ಕಿ ಭಟ್ಟಿಯ ಒಲೆ ಆರಿತೆಂದರೆ ದಾವಣಗೆರೆಯ ಅರ್ಧ ಬದುಕು ಆರಿದ ಹಾಗೆ.

ಅಜ್ಜಿ ಪ್ಲೇಗಿನ ಕಾಲದ ಮಾತು ಹೇಳುತ್ತಿದ್ದಳು. ‘ಇಲಿ ಬಿತ್ತು ಅಂದ್ರೆ ಊರು ಬಿಡದು. ಹೊಲದಾಗೆ ಗುಡ್ಲು ಹಾಕ್ಕಂಡು ಇರದು.’ ಪ್ಲೇಗಿಗೆ ಊರಿಗೆ ಊರೇ ಹೊರಗೆ ಹೋಗುತ್ತಿತ್ತು. ನಾವು ಒಂದಿಷ್ಟು ಓಣಿಗಳನ್ನು ಮಾತ್ರ ಊರಿಂದ ಹೊರಗಿಟ್ಟೆವು.

ಜೂನ್‌ನಲ್ಲಿ ಬಾಷಾನಗರದ ಕಡೆಯ ಸೀಲ್‌ಡೌನ್ ತೆಗೆದರು. ಒಂದು ಬೆಳಿಗ್ಗೆ ಆ ಕಡೆಯಿಂದಲೇ ಬರುವ ನಮ್ಮ ಮಂಡಕ್ಕಿಯವನು ಎಂದಿನಂತೆ ಚೀಲ ಹೇರಿದ ಸೈಕಲ್ ತಳ್ಳಿಕೊಂಡು ಬಂದ. ಇಪ್ಪತ್ತು ವರ್ಷದಿಂದ ಬರುತ್ತಿದ್ದವನು. ಬಾಗಿಲು ಅರ್ಧ ತೆಗೆದು ನಾನೇ ಹೇಳಿದೆ: ‘ಈಗ ಬ್ಯಾಡಪ್ಪ, ಆಮೇಲೆ ನೋಡಣ.’ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಹುರಿದ ಮಂಡಕ್ಕಿಯಲ್ಲಿ ಯಾವ ವೈರಾಣು ಉಳಿದೀತು? ಅದು ನನಗೆ ಗೊತ್ತಿತ್ತು. ನಾನು ಬೇಡ ಅಂದದ್ದು ಮಂಡಕ್ಕಿಯನ್ನಲ್ಲ. ಅದು ಅವನಿಗೂ ಗೊತ್ತಾಯಿತು. ‘ಆಯ್ತು ಸಾರ್’ ಅಂದು ಸೈಕಲ್ ತಿರುಗಿಸಿದ.

ಅದೇ ತಿಂಗಳ ಕೊನೆಗೆ ಜಯದೇವ ವೃತ್ತದಲ್ಲಿ ಬಿಳಿ ಕೋಟಿನ ಮಕ್ಕಳು ಫಲಕ ಹಿಡಿದು ಕೂತಿದ್ದರು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಪಡೆದು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಕಿರಿಯ ವೈದ್ಯರು. ಒಂದು ವರ್ಷಕ್ಕೂ ಮೀರಿ ಸ್ಟೈಪೆಂಡ್ ಬಂದಿರಲಿಲ್ಲ. ಸರ್ಕಾರ ಕೊಡಬೇಕೆಂದು ಕಾಲೇಜು, ಕಾಲೇಜು ಕೊಡಬೇಕೆಂದು ಸರ್ಕಾರ. ಜುಲೈ 10ರಿಂದ ಆಶಾ ಕಾರ್ಯಕರ್ತೆಯರೂ ಕೆಲಸ ನಿಲ್ಲಿಸಿದರು. ಮನೆಮನೆಗೆ ಬಂದು ಜ್ವರ ಇದೆಯಾ ಎಂದು ಕೇಳುತ್ತಿದ್ದವರು, ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಕೊಡಿ ಎಂದು ತಾವೇ ಕೇಳಬೇಕಾಗಿತ್ತು. ತಟ್ಟೆ ಬಡಿಯಲು ಖರ್ಚಿಲ್ಲ ನೋಡಿ. ಅದಕ್ಕೇ ಅಷ್ಟು ಜೋರಾಗಿ ಬಡಿದಿದ್ದೆವು.

ಆಮೇಲೆ ನಮ್ಮ ಓಣಿಯಲ್ಲೇ ಒಬ್ಬರಿಗೆ ಸೋಂಕು ಬಂತು. ಓಣಿಯ ಬಾಯಿಗೆ ಗಳ ಕಟ್ಟಿದರು, ತಗಡು ಬಡಿದರು. ಹಾಲಿನವನು ಗಳದಾಚೆಯೇ ಪ್ಯಾಕೆಟ್ ಇಟ್ಟು ಓಡುತ್ತಿದ್ದ. ಗಳ ಬಿಚ್ಚಿದ ಮೇಲೆ ಹರಿಹರದ ತಂಗಿಗೆ ಫೋನು ಮಾಡಿ ‘ಬಂದು ಹೋಗ್ತೀನಿ’ ಅಂದೆ. ಹದಿನಾಲ್ಕು ಕಿಲೋಮೀಟರ್ ದಾರಿ, ಬೆಣ್ಣೆದೋಸೆ ಕಟ್ಟಿಸಿಕೊಂಡು ಹೊರಟರೆ ಬಿಸಿ ಆರುವ ಮೊದಲು ತಲುಪುವ ದೂರ. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಈಗ ಬ್ಯಾಡಣ್ಣ, ಆಮೇಲೆ ನೋಡಣ. ಅಕ್ಕಪಕ್ಕದೋರು ಏನಾರ ಅಂದಾರು’ ಅಂದಳು.

ನನ್ನದೇ ಮಾತು ನನಗೇ ವಾಪಸು ಬಂತು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಬಾಯಿರಲಿಲ್ಲ.

ಕಾಯಿಲೆ ಎಲ್ಲರಿಗೂ ಒಂದೇ ಅನ್ನುತ್ತಾರೆ. ಕಾಯಿಲೆ ಒಂದೇ ಇರಬಹುದು. ಬೇಲಿಯನ್ನು ಮಾತ್ರ ನಾವು ಮೊದಲಿಂದ ಮನಸ್ಸಿನಲ್ಲಿ ಎಳೆದಿಟ್ಟ ಗೆರೆಯ ಮೇಲೇ ಹಾಕುತ್ತೇವೆ.

ಭಟ್ಟಿಯ ಹೊಗೆ ಮತ್ತೆ ಎದ್ದಿತು. ಆದರೆ ಆ ಸೈಕಲ್ ನಮ್ಮ ಓಣಿಗೆ ಮತ್ತೆ ಬರಲಿಲ್ಲ. ಈಗ ಪ್ರತಿ ಭಾನುವಾರ ಚೀಲ ಹಿಡಿದು ಭಟ್ಟಿಗೆ ನಾನೇ ಹೋಗುತ್ತೇನೆ. ನೀವು ತಿನ್ನುತ್ತಿರುವುದೂ ಅಲ್ಲಿಂದ ತಂದದ್ದೇ.