ಅಪ್ಪು ಇಳಿದ ನೀರಿಗೆ ನಾವೂ ಇಳಿದೆವು!

ಚಿತ್ರರಸಿಕ ಗೆಳೆಯರೇ, ‘ಒಂದು ಮುತ್ತಿನ ಕಥೆ’ ನೆನಪಿದೆಯೇ? 1987ರಲ್ಲಿ ಬಂದ ಶಂಕರ್‌ನಾಗ್ ನಿರ್ದೇಶನದ ಚಿತ್ರ. ಮುತ್ತಿಗಾಗಿ ಕಡಲಿಗೆ ಧುಮುಕುವ ಬಡವನಾಗಿ ನಮ್ಮ ಅಣ್ಣಾವ್ರು! ಮುತ್ತು ಸಿಕ್ಕಿದ್ದೇ ತಡ, ಕಷ್ಟವೂ ಬೆನ್ನು ಹತ್ತುತ್ತದೆ.

ಮೂವತ್ತೈದು ವರ್ಷ ಕಳೆಯಿತು. 2022ರ ಅಕ್ಟೋಬರ್ 28ರಂದು ‘ಗಂಧದ ಗುಡಿ’ ತೆರೆಗೆ ಬಂತು. ಅಪ್ಪು ನಮ್ಮನ್ನಗಲಿ ಒಂದು ವರ್ಷ ತುಂಬಲು ಇನ್ನೊಂದೇ ದಿನ ಬಾಕಿ. ಶಿಳ್ಳೆ ಹೊಡೆಯಲು ಬಂದವರೆಲ್ಲ ಕಣ್ಣೊರೆಸಿಕೊಂಡು ಕೂತಿದ್ದರು. ಅದರಲ್ಲಿ ಅಪ್ಪು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿ ದ್ವೀಪದ ನೀರಿಗೆ ಇಳಿಯುತ್ತಾರೆ. ತೆರೆಯ ಮೇಲೆ ಅಪ್ಪ ಇಳಿದದ್ದು ಮುತ್ತು ತರಲಿಕ್ಕೆ. ಮಗ ಇಳಿದದ್ದು ಬರೀ ನೋಡಿ ಬರಲಿಕ್ಕೆ!

ಹಾಗೆ ನೋಡಿ ಬರುವುದನ್ನು ಕಲಿಯಲು ನಾವು ಎಂಟು ಜನ ಹೊರಟೆವು. ಮಣಿಪಾಲದ ಇಬ್ಬರು ವಿದ್ಯಾರ್ಥಿಗಳು, ಉಡುಪಿಯ ಹೋಟೆಲೊಂದರ ಕ್ಯಾಷಿಯರ್, ಕಾರ್ಕಳದ ಬೈಕ್ ಮೆಕ್ಯಾನಿಕ್, ಬೆಂಗಳೂರಿನ ಮೂವರು, ಕೊನೆಗೆ ಈ ಬಡ ಬರಹಗಾರ. ಮೊದಲ ದಿನ ಪಾಠ, ಎರಡನೇ ದಿನ ಕಾಪುವಿನಲ್ಲಿ ಶ್ರಮದಾನ, ಮೂರನೇ ದಿನ ನೇತ್ರಾಣಿ. ಕಸ ಹೆಕ್ಕದವನಿಗೆ ಕಡಲಿಲ್ಲ ಎಂಬುದು ನಮ್ಮ ಗೈಡ್ ಹಾಕಿದ ಷರತ್ತು!

ಹೆಬ್ಬೆರಳ ಅವಾಂತರ

ಪಾಠ ನಡೆದದ್ದು ಮಣಿಪಾಲದ ಒಂದು ಈಜುಕೊಳದಲ್ಲಿ. ಸಿಲಿಂಡರಿನಲ್ಲಿ ಆಕ್ಸಿಜನ್ ಇರ್ತದೆ ಅಂತ ನೀವು ತಿಳಿದಿದ್ದೀರಾ? ಇಲ್ಲ ಸ್ವಾಮಿ, ಇರುವುದು ನಾವು ನೀವು ಉಸಿರಾಡುವ ಸಾಧಾರಣ ಗಾಳಿಯೇ. ಅದನ್ನು ಒತ್ತಿ ಒತ್ತಿ ತುಂಬಿರುತ್ತಾರೆ. ಕಡಲಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು! ಅದಕ್ಕೇ ಮೊದಲ ನಿಯಮ: ಉಸಿರು ಕಟ್ಟಬೇಡಿ, ಆಡುತ್ತಲೇ ಇರಿ. ಕಿವಿ ನೋಯಲು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟ ನನಗೆ ಭೌತಶಾಸ್ತ್ರ ತಲೆಗೆ ಹತ್ತಿದ್ದು ಈ ನೀರಿನಲ್ಲೇ!

ನೀರಿನಡಿ ಮಾತಿಲ್ಲ, ಎಲ್ಲ ಕೈಸನ್ನೆ. ನಮ್ಮ ಕಾರ್ಕಳದ ಮೆಕ್ಯಾನಿಕ್ ಖುಷಿಯಾದಾಗಲೆಲ್ಲ ಹೆಬ್ಬೆರಳು ಎತ್ತಿ ‘ಸೂಪರ್’ ಅನ್ನುತ್ತಿದ್ದ. ಗೈಡ್ ಪ್ರತಿ ಸಲವೂ ಅವನನ್ನು ಮೇಲಕ್ಕೆ ಕರೆತರುತ್ತಿದ್ದರು. ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಸರಿಯಿದ್ದೇನೆ’ ಅನ್ನಲು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ನಾಲ್ಕು ಸಲ ಮೇಲೆ ಬಂದ ಮೇಲೆ ಅವನಿಗೆ ಪಾಠ ಬಾಯಿಪಾಠವಾಯ್ತು!

ಕಾರ್ಕಳಕ್ಕೂ ಹವಳಕ್ಕೂ ಏನು ನಂಟು?

ಸಂಜೆ ಚಾ ಕುಡಿಯುವಾಗ ಅದೇ ಮೆಕ್ಯಾನಿಕ್ ಕೇಳಿದ: “ಸರ್, ನಾನು ಗುಡ್ಡದ ಬದಿಯವ. ಕಡಲಿನ ಕಸಕ್ಕೂ ನನಗೂ ಎಂಥ ಸಂಬಂಧ?”

ಗೈಡ್ ನಕ್ಕರು. “ನಿಮ್ಮೂರಿನ ಸ್ವರ್ಣಾ ನದಿ ಎಲ್ಲಿಗೆ ಹೋಗ್ತದೆ?”

ಹುಡುಗ ತೆಪ್ಪಗಾದ. ಘಟ್ಟದ ಬುಡದಲ್ಲಿ ಹುಟ್ಟಿ ಕಾರ್ಕಳ ಸೀಮೆ ಹಾದು ಬರುವ ಸ್ವರ್ಣೆಯ ನೀರನ್ನೇ ಬಜೆ ಅಣೆಕಟ್ಟಿನಲ್ಲಿ ಹಿಡಿದು ಉಡುಪಿ, ಮಣಿಪಾಲ ಕುಡಿಯುತ್ತವೆ. ಮುಂದೆ ಅದು ಸೀತಾ ನದಿಯನ್ನು ಕೂಡಿ ಕೋಡಿ ಬೆಂಗ್ರೆಯ ಬಳಿ ಕಡಲು ಸೇರುತ್ತದೆ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ನೋಡಲು ಬಂದವರು ತಿಂದು ಬಿಸಾಕಿದ ಚಿಪ್ಸ್ ಪೊಟ್ಟಣ ಮೊದಲ ಮಳೆಗೆ ತೋಡು ಹಿಡಿಯುತ್ತದೆ. ತೋಡಿನಿಂದ ಹೊಳೆ, ಹೊಳೆಯಿಂದ ಕಡಲು. ಟಿಕೆಟ್ ಇಲ್ಲದ ಪ್ರಯಾಣ!

ಕಾಪುವಿನ ಕಲ್ಲುಗಳ ನಡುವೆ

ಮರುದಿನ ಬೆಳಿಗ್ಗೆ ಕಾಪು. 1901ರ ದೀಪಸ್ತಂಭ ಬಂಡೆಯ ಮೇಲೆ ಠೀವಿಯಿಂದ ನಿಂತಿದೆ. ಬಂದವರೆಲ್ಲ ಅದರ ಮುಂದೆ ನಿಂತು ಹೀರೋ ಪೋಸು ಕೊಡುತ್ತಾರೆ. ನಾವು ಮಾತ್ರ ಗೋಣಿಚೀಲ ಹಿಡಿದು ಅದರ ಬುಡದಲ್ಲಿ ಬಗ್ಗಿದೆವು. ಚಪ್ಪಲಿ, ಬಾಟಲಿ, ಗುಟ್ಕಾ ಪೊಟ್ಟಣ, ಥರ್ಮೋಕೋಲ್... ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ನೈಲಾನ್ ಬಲೆಯ ತುಂಡುಗಳು. ಎರಡು ಗಂಟೆಯಲ್ಲಿ ಹನ್ನೊಂದು ಚೀಲ ತುಂಬಿತು.

ಬೆಂಗಳೂರಿನವನೊಬ್ಬ “ಈ ಮೀನುಗಾರರೇ ವಿಲನ್‌ಗಳು” ಅಂದುಬಿಟ್ಟ. ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರ ಕಿವಿಗೆ ಅದು ಬಿತ್ತು.

“ಬಲೆ ಬಿಟ್ಟು ಬರ್ಲಿಕ್ಕೆ ನಮಗೆಂಥ ಮರುಳಾ ಮಾರಾಯ್ರೆ? ಕಲ್ಲಿಗೆ ಸಿಕ್ಕಿದ್ರೆ ಕತ್ತರಿಸ್ಲೇಬೇಕು, ಇಲ್ಲದಿದ್ರೆ ದೋಣಿಯೇ ಮಗುಚ್ತದೆ. ಬಲೆ ಹೋದ್ರೆ ಮನೆಯ ಅನ್ನ ಹೋದ ಹಾಗೆ.”

ಬೆಂಗಳೂರಿನವ “ತಪ್ಪಾಯ್ತು ಅಜ್ಜ” ಅಂದ. ಅಜ್ಜ ಮತ್ತೆ ಹೆಣಿಗೆಗೆ ಕೈಹಾಕಿದರು. ಸಿನಿಮಾದಲ್ಲಾದರೆ ವಿಲನ್ ಯಾರೆಂದು ಇಂಟರ್‌ವಲ್ಲಿನೊಳಗೆ ಗೊತ್ತಾಗುತ್ತದೆ. ಇಲ್ಲಿ ಅಷ್ಟು ಸಲೀಸಿಲ್ಲ.

ಹಾಗೆ ಕಳೆದುಹೋದ ಬಲೆ ಸುಮ್ಮನಿರುವುದಿಲ್ಲ. ಹಿಡಿಯುವವನಿಲ್ಲದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ. ಅದಕ್ಕೇ ಅದಕ್ಕೆ ದೆವ್ವದ ಬಲೆ ಎಂದು ಹೆಸರು. ಪ್ರಪಂಚದ ಕಡಲುಗಳಲ್ಲಿ ವರ್ಷಕ್ಕೆ ಸುಮಾರು 6,40,000 ಟನ್ ಮೀನುಗಾರಿಕೆ ಸಾಮಾನು ಹೀಗೆ ಕಳೆದುಹೋಗುತ್ತದೆ ಎಂದು ವಿಶ್ವಸಂಸ್ಥೆಯ 2009ರ ವರದಿ ಅಂದಾಜು ಮಾಡಿತ್ತು.

ನೇತ್ರಾಣಿಯ ಬಣ್ಣ

ಮೂರನೇ ದಿನ ನಸುಕಿಗೇ ಉಡುಪಿ ಬಿಟ್ಟು, ಸುಮಾರು ನೂರು ಕಿಲೋಮೀಟರ್ ದೂರದ ಮುರುಡೇಶ್ವರ ತಲುಪಿದೆವು. ಅಲ್ಲಿಂದ ದೋಣಿ. ದಡದಿಂದ ಸುಮಾರು ಹತ್ತೊಂಬತ್ತು ಕಿಲೋಮೀಟರ್. ಕ್ಯಾಷಿಯರ್ ಅಣ್ಣ ದಾರಿಯುದ್ದಕ್ಕೂ ವಾಂತಿ ಮಾಡಿ ಸುಸ್ತಾದ. ಇಷ್ಟು ದೂರ ಯಾಕೆ ಅಂತೀರಾ? ಹೊಳೆಗಳು ತರುವ ಕೆಸರಿನಿಂದ ದಡದ ನೀರು ಮಂಕು. ಹವಳಕ್ಕೆ ಬೆಳಕು ಬೇಕು, ತಿಳಿನೀರು ಬೇಕು.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಕಟ್ಟಿದ ವಠಾರ. ಅವುಗಳ ಮೈಯೊಳಗೆ ಪಾಚಿ ಬಾಡಿಗೆಗಿದೆ. ಬಿಸಿಲಿನಲ್ಲಿ ಅನ್ನ ಬೇಯಿಸಿ ಕೊಡುವುದೂ, ಬಣ್ಣ ಕೊಡುವುದೂ ಆ ಪಾಚಿಯೇ. ನೀರು ಅತಿಯಾಗಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲೋಕದ ಕಡಲುಗಳಲ್ಲಿ ಇಂಥ ಬಿಳಿಚುವಿಕೆ ನಾಲ್ಕನೇ ಬಾರಿ ವ್ಯಾಪಕವಾಗಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು.

ಇಳಿದೆವು. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೆಳಗೆ ಹೋದ ಹಾಗೆ ಕೆಂಪು ಬಣ್ಣ ಮೊದಲು ಮಾಯ. ಗೆಳೆಯನ ಕೆಂಪು ಬನಿಯನ್ನೇ ಕಂದುಗಟ್ಟಿತು! ನೀರಿನಡಿ ಚಿತ್ರ ತೆಗೆಯುವವರು ದೀಪ ಹೊತ್ತು ಹೋಗುವುದು ಇದಕ್ಕೇ. ಹಳದಿ ಚಿಟ್ಟೆಮೀನು ಜೋಡಿ ಜೋಡಿಯಾಗಿ ಸುಳಿದವು. ಗಿಳಿಮೀನು ಕಟಕಟ ಕಲ್ಲು ಕಡಿಯಿತು. ಸಂದಿಯೊಳಗಿಂದ ಹಾವುಮೀನೊಂದು ಬಾಯಿ ತೆರೆದು ನಮ್ಮನ್ನೇ ನೋಡಿತು.

ಅಷ್ಟರಲ್ಲಿ ಕಂಡಿತು, ಹವಳಕ್ಕೆ ಸುತ್ತಿಕೊಂಡ ಒಂದು ಹಸಿರು ಬಲೆ. ಹೊಸಬರು ಹತ್ತಿರ ಸುಳಿಯಬಾರದು. ಸಿಕ್ಕಿಕೊಂಡರೆ ನಾವೂ ಮೀನೇ! ಪಳಗಿದ ಇಬ್ಬರು ಮಾತ್ರ ಹೋಗಿ ಚೂರಿಯಿಂದ ಒಂದೊಂದೇ ಎಳೆ ಕತ್ತರಿಸಿದರು. ಎಳೆದರೆ ಹವಳ ಮುರಿಯುತ್ತದೆ. ಅಷ್ಟು ಬೆಳೆಯಲು ಅದಕ್ಕೆ ವರ್ಷಗಟ್ಟಲೆ ಬೇಕು. ಬಲೆಯಲ್ಲಿದ್ದ ಏಡಿಯೊಂದು ಬಿಡುಗಡೆಯಾಗಿ ಅಡ್ಡಡ್ಡ ಓಡಿತು. ಸ್ಟಂಟಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಆದರೂ ನನಗೆ ಶಿಳ್ಳೆ ಹೊಡೆಯಬೇಕೆನಿಸಿತು. ಬಾಯಲ್ಲಿ ನಳಿಗೆಯಿತ್ತಲ್ಲ!

ದೋಣಿಯಲ್ಲಿ ವಿದ್ಯಾರ್ಥಿಯೊಬ್ಬ “ಒಂದು ಚೂರು ಹವಳ ನೆನಪಿಗೆ ತರಬಹುದಿತ್ತು” ಎಂದ. ಗೈಡ್ ಕಾನೂನು ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಹವಳಕ್ಕೆ 2001ರಿಂದ ರಕ್ಷಣೆ ಇದೆ. ಚೂರು ತಂದರೂ ಕೇಸು!

ಗುರುವೇ ಕಲಿತ ಪಾಠ

ಇಂಥ ಉಸಿರಾಟದ ಯಂತ್ರವನ್ನು 1943ರಲ್ಲಿ ಎಮಿಲ್ ಗಾನ್ಯಾನ್ ಜೊತೆ ರೂಪಿಸಿದವರು ಫ್ರಾನ್ಸಿನ ಜಾಕ್ ಕುಸ್ಟೊ. ಅವರು ಲೂಯಿ ಮಾಲ್ ಜೊತೆ ನಿರ್ದೇಶಿಸಿದ ‘ದಿ ಸೈಲೆಂಟ್ ವರ್ಲ್ಡ್’ 1956ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಗೆದ್ದಿತು. ಅದೇ ಚಿತ್ರದಲ್ಲಿ ಮೀನುಗಳನ್ನು ಎಣಿಸಲೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಇಡುವ ದೃಶ್ಯವಿದೆ! ಅದೇ ಕುಸ್ಟೊ ಮುಂದೆ ಕಡಲು ಉಳಿಸಿ ಎಂದು ಲೋಕವೆಲ್ಲ ಸುತ್ತಿದರು. ಅಷ್ಟು ದೊಡ್ಡವರೇ ಕಲಿತು ಬದಲಾದರೆಂದ ಮೇಲೆ ನಮಗೇನು ಕಷ್ಟ?

ಹೋಗುವ ಮನಸ್ಸಿದ್ದರೆ ಅಕ್ಟೋಬರಿನಿಂದ ಮೇ ಒಳಗೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ. ಅಸ್ತಮಾ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಹಿಂದಿನ ರಾತ್ರಿ ‘ತೀರ್ಥ’ ಮುಟ್ಟಬೇಡಿ. ಡೈವಿಂಗ್ ಮುಗಿಸಿ 18 ಗಂಟೆ ಕಳೆಯದೆ ವಿಮಾನ ಹತ್ತಬೇಡಿ. ಕಾಸು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಗೈಡಿಗೆ ಸರ್ಟಿಫಿಕೇಟ್ ಇದೆಯೇ? ಲಂಗರನ್ನು ಹವಳದ ಮೇಲೆ ಎಸೆಯುತ್ತೀರೋ, ದೂರದ ಮರಳಿನ ಮೇಲೋ? ಉತ್ತರಕ್ಕೆ ತಡವರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಜೇಬಿನಲ್ಲಿ ಅಷ್ಟು ದುಡ್ಡಿಲ್ಲವೇ? ಚಿಂತಿಲ್ಲ. ಉಡುಪಿಯಿಂದ ಕಾಪುವಿಗೆ ಬಸ್ಸುಗಳಿಗೆ ಬರವಿಲ್ಲ. ಮುಂದಿನ ಭಾನುವಾರ ಒಂದು ಗೋಣಿಚೀಲ ಹಿಡಿದು ಇಳಿಯಿರಿ. ದೀಪಸ್ತಂಭದ ಬುಡದಲ್ಲಿ ಕೆಲಸ ಬೇಕಾದಷ್ಟಿದೆ!