ಕೋಳಿ ನಮ್ಮದು, ಹಿತ್ತಲು ಯಾರದು?

ಕೋಳಿ ಬಡವರ ಬ್ಯಾಂಕು ಅಂತ ಭಾಷಣ ಮಾಡೋರು ಬಹಳ ಮಂದಿ ಇದ್ದಾರೆ. ಆ ಬ್ಯಾಂಕಿನ ಮೇಲೆ ಹಗಲು ಹದ್ದು ಎರಗುತ್ತೆ, ರಾತ್ರಿ ಕಾಡುಬೆಕ್ಕು ಕೈ ಹಾಕುತ್ತೆ, ಬೇಸಗೆಯಲ್ಲಿ ಕೊಕ್ಕರೆ ರೋಗ ಬಂದು ಒಂದೇ ವಾರಕ್ಕೆ ಬಾಗಿಲು ಮುಚ್ಚಿಸುತ್ತೆ. ಅದನ್ನು ಅವರು ಹೇಳಲ್ಲ. ಯಾಕೆಂದರೆ ಅವರು ಕೋಳಿ ತಿಂದವರು, ಸಾಕಿದವರಲ್ಲ. ಸಾಕಿದವರು ನಮ್ಮ ಅವ್ವಂದಿರು. ಆದ್ದರಿಂದ ಈ ಲೆಕ್ಕವನ್ನು ನಾವೇ ಬರೆಯಬೇಕಾಗಿದೆ.

ಕಲ್ಯಾಣ ನಗರ ಅಂದರೆ ಈಗ ಜನಕ್ಕೆ ಹೊರ ವರ್ತುಲ ರಸ್ತೆ, ಗಾಜಿನ ಅಂಗಡಿ, ಕಾಫಿ ಮನೆಗಳು ನೆನಪಾಗ್ತವೆ. ಆದರೆ ಈ ನಗರ ಬಯಲಲ್ಲಿ ಹುಟ್ಟಿದ್ದಲ್ಲ. ಹೆಣ್ಣೂರು, ಬಾಣಸವಾಡಿ, ಕಾಚರಕನಹಳ್ಳಿ, ಬಾಬುಸಾಪಾಳ್ಯ, ಹೊರಮಾವು — ಇವೆಲ್ಲ ಹೊಲ, ಕೆರೆ, ತೋಪು ಇದ್ದ ಹಳ್ಳಿಗಳು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವಿನ ನೆಲ ಬಡಾವಣೆಯಾಯ್ತು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. ಹಳ್ಳಿಗಳು ನಕ್ಷೆಯಲ್ಲಿ ವಾರ್ಡುಗಳಾದವು. ಕೇರಿಗಳು ಮಾತ್ರ ಕೇರಿಗಳಾಗೇ ಉಳಿದವು. ಆ ಕೇರಿಗಳ ಓಣಿಯಲ್ಲಿ, ಚರಂಡಿ ಪಕ್ಕದಲ್ಲಿ, ಯಾರೋ ಕೊಂಡು ಖಾಲಿ ಬಿಟ್ಟ ಸೈಟಿನಲ್ಲಿ ಇವತ್ತಿಗೂ ನಾಟಿಕೋಳಿ ಮೇಯ್ತದೆ. ಬೆಳಗಿನ ಜಾವ ಹುಂಜ ಕೂಗುತ್ತೆ. ಎದುರಿನ ಅಪಾರ್ಟ್‌ಮೆಂಟಿನವರಿಗೆ ನಿದ್ದೆ ಕೆಡುತ್ತೆ. ಅವರು ದೂರು ಬರೀತಾರೆ. ಅವರ ಕಾರಿನ ಹಾರನ್ನಿಗೆ ನಮ್ಮ ನಿದ್ದೆ ಕೆಟ್ಟದ್ದನ್ನು ಬರೆದುಕೊಳ್ಳೋ ದೂರಿನ ಪುಸ್ತಕ ಎಲ್ಲೂ ಇಲ್ಲ.

ಗೆಳೆಯರೇ, ಕೋಳಿಯ ಲೆಕ್ಕ ಹೀಗಿದೆ. ನಾಟಿಕೋಳಿ ಒಂದು ಸರದಿಗೆ 12-15 ಮೊಟ್ಟೆ ಇಡುತ್ತೆ, ಆಮೇಲೆ ಕಾವಿಗೆ ಕೂರುತ್ತೆ. 21 ದಿನಕ್ಕೆ ಮರಿ. ಮರಿ ತಿರುಗಿಸಿ ಬಿಡೋ ಹೊತ್ತಿಗೆ ಎರಡು ಎರಡೂವರೆ ತಿಂಗಳು. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿ, 50ರಿಂದ 60 ಮೊಟ್ಟೆ. ಪಂಜರದ ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತಲ್ಲ, ನಿಮ್ಮ ಕೋಳಿ ಸೋಂಬೇರಿ ಅಂತ ಓದಿದವರು ಅಂತಾರೆ. ಫಾರಂ ಕೋಳಿಗೆ ತೂಕ ಹಾಕಿದ ಆಹಾರ ಇದೆ, ಲೈಟು ಇದೆ, ಲಸಿಕೆ ಇದೆ. ನಮ್ಮ ಕೋಳಿಗೆ ಮುಸುರೆ, ಗೆದ್ದಲು, ಉದುರಿದ ರಾಗಿ. ಅದೂ ತಾನೇ ಕೆದಕಿ ತಿನ್ನಬೇಕು. ಏನೂ ಕೊಡದವರಿಗೆ 50 ಮೊಟ್ಟೆ ಕೊಡೋ ಜೀವಕ್ಕೆ ಸೋಂಬೇರಿ ಅನ್ನೋರು ನಮ್ಮ ಜನಕ್ಕೂ ಅದೇ ಮಾತು ಅಂದಿದ್ದಾರೆ.

ಹುಟ್ಟಿದ ಹತ್ತು ಮರಿಯಲ್ಲಿ ಎಷ್ಟು ಉಳೀತಾವೆ? ಅವ್ವನನ್ನು ಕೇಳಿದರೆ ಮೊದಲು ಆಕಾಶ ನೋಡ್ತಾಳೆ. ಅಲ್ಲಿ ಹದ್ದು. ಬೆಂಗಳೂರಿನ ಪೂರ್ವದ ಆಕಾಶದಲ್ಲಿ ಹದ್ದಿಗೆ ಬರವಿಲ್ಲ. ಮಾಂಸದ ಅಂಗಡಿಯ ಕಸ ರಸ್ತೆ ಬದಿ ಸುರಿದಷ್ಟೂ ಹದ್ದು ಹೆಚ್ಚು, ಬೀದಿನಾಯಿ ಹೆಚ್ಚು. ಕೆರೆ ಕಡೆಯಿಂದ ಬೆಳ್ಳಗಿನ ಎದೆಯ ಗರುಡವೂ ಬರುತ್ತೆ. ಗರುಡ ಕಂಡರೆ ಕೆಲವರು ಕೆನ್ನೆ ಕೆನ್ನೆ ಬಡಿದುಕೊಂಡು ಕೈ ಮುಗೀತಾರೆ. ನಮ್ಮವ್ವ ಕಲ್ಲು ತಗೊಳ್ಳೋಳು. ಕೈ ಮುಗಿಯೋರ ಹಿತ್ತಲಲ್ಲಿ ಕೋಳಿಮರಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹಗಲಿನ ಕಳ್ಳರು ಬೇರೆ, ರಾತ್ರಿಯ ಕಳ್ಳರು ಬೇರೆ. ಹದ್ದು, ಕಾಗೆ, ಮುಂಗುಸಿ ಹಗಲಿನವು. ಮುಂಗುಸಿ ಮುಷ್ಟಿಯಷ್ಟು ಸಂದಿ ಸಿಕ್ಕರೆ ಒಳಗೆ. ರಾತ್ರಿಗೆ ಹೆಗ್ಗಣ, ಪುನುಗು ಬೆಕ್ಕು, ಕಾಡುಬೆಕ್ಕು. ಊರಾಚೆ ಹೋದಂತೆ ನರಿ. ಇನ್ನೂ ಆಚೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಅಂಚಿನ ಹಟ್ಟಿಗಳಲ್ಲಿ ಚಿರತೆ. ಚಿರತೆ ಅಂದರೆ ಕಾಡಿನ ಮಾತು ಅಂದುಕೊಳ್ಳಬೇಡಿ. 2016ರ ಫೆಬ್ರವರಿಯಲ್ಲಿ ಇದೇ ಪೂರ್ವ ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಒಂದು ಶಾಲೆಯೊಳಕ್ಕೇ ಚಿರತೆ ಬಂದಿತ್ತು. ಅವತ್ತು ಟೀವಿಯವರೆಲ್ಲ ಓಡಿ ಬಂದರು. ಕಾಡಂಚಿನ ಹಟ್ಟಿಯ ಬಾಗಿಲಿಗೆ ಬಂದಾಗ ಅಷ್ಟು ಜನ ಬರಲ್ಲ.

ನಮ್ಮವ್ವಂದಿರು ಇದಕ್ಕೆಲ್ಲ ಶಾಸ್ತ್ರ ಕಟ್ಟಿದ್ದಾರೆ. ಸಂಜೆ ಬೆಳಕು ಸಣ್ಣಗಾದ ಮೇಲೆ ಕೋಳಿಗೆ ಕಣ್ಣು ಕಾಣಲ್ಲ, ಅದಕ್ಕೇ ದೀಪ ಹಚ್ಚೋ ಮುಂಚೆ ಗೂಡು ಮುಚ್ಚಬೇಕು. ಗೂಡು ನೆಲಕ್ಕಿರಬಾರದು, ಕಲ್ಲಿನ ಮೇಲೆ ಎತ್ತರಕ್ಕಿರಬೇಕು. ಅಗಲ ಕಣ್ಣಿನ ತಂತಿ ಬಲೆ ಕಟ್ಟಿದರೆ ಕೋಳಿ ಹೊರಗೆ ಹೋಗಲ್ಲ ನಿಜ. ಆದರೆ ಬೆಕ್ಕಿನ ಕೈ ಒಳಗೆ ಬರುತ್ತೆ, ಕೋಳಿಯ ಕುತ್ತಿಗೆ ಹಿಡಿದು ಎಳೆಯುತ್ತೆ. ಅದಕ್ಕೆ ಅರ್ಧ ಇಂಚಿನ ಗಟ್ಟಿ ಬಲೆಯೇ ಆಗಬೇಕು. ಮರಿ ಇರೋ ತಾಯಿಯನ್ನು ಮಂಕರಿ ಕವುಚಿ ಕಲ್ಲು ಹೇರಿ ಕಾಯಬೇಕು. ಹದ್ದಿನ ಕಣ್ಣು ತಪ್ಪಿಸೋಕೆ ಮರಿಗೆ ಬಣ್ಣ ಹಚ್ಚೋರೂ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ಶಾಸ್ತ್ರ ಕಿವಿಯದು. ಮೇಲಿಂದ ಹದ್ದು ಬಂದರೆ ಕೋಳಿ ಎಳೆದು, ಸಣ್ಣ ದನಿಯಲ್ಲಿ ಒಂದು ಥರ ಕೂಗುತ್ತೆ. ನೆಲದ ಮೇಲೆ ಬೆಕ್ಕು ನಾಯಿ ಬಂದರೆ ಕಟಕಟ ಅಂತ ತುಂಡು ತುಂಡಾಗಿ ಬೇರೆ ಥರ ಕೂಗುತ್ತೆ. ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಟೇಪು ಹಾಕಿ ಇವು ಎರಡು ಬೇರೆ ಬೇರೆ ಕೂಗು, ಕೇಳಿದ ಕೋಳಿಗಳೂ ಬೇರೆ ಬೇರೆ ರೀತಿ ನಡಕೊಳ್ತಾವೆ ಅಂತ ತೋರಿಸಿದ್ದಾರೆ. ನಮ್ಮವ್ವ ಒಲೆ ಮುಂದೆ ಕೂತೇ ಯಾವ ಕೂಗಿಗೆ ಕಲ್ಲು, ಯಾವ ಕೂಗಿಗೆ ಕೋಲು ಅಂತ ಗೊತ್ತು ಮಾಡ್ಕೊಳ್ಳೋಳು. ಅಕ್ಷರ ಬಾರದವಳು ಅಂತ ಆಕೆಯನ್ನು ಜನಗಣತಿಯಲ್ಲಿ ಬರಕೊಂಡಿದ್ದಾರೆ. ನಾವು ಪದ್ಯ ಬರೆಯೋರು, ಒಂದು ಸ್ವರ ಎಳೆದರೆ ಅರ್ಥ ಬದಲಾಗುತ್ತೆ ಅನ್ನೋದನ್ನು ಮೊದಲು ಕಲಿತದ್ದು ಛಂದಸ್ಸಿನ ಪುಸ್ತಕದಿಂದಲ್ಲ, ಆ ಹಿತ್ತಲಿಂದ.

ಈಗ ಸರ್ಕಾರದ ಕೋಳಿಗೆ ಬರೋಣ. ಕಲ್ಯಾಣ ನಗರದಿಂದ ವರ್ತುಲ ರಸ್ತೆ ಹಿಡಿದು ಹೋದರೆ ಹೆಬ್ಬಾಳ. ಅಲ್ಲಿ 1958ರಲ್ಲಿ ಶುರುವಾದ ಪಶುವೈದ್ಯ ಕಾಲೇಜಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ಗಿರಿರಾಜ ತಳಿ ಮಾಡಿ 1989ರಲ್ಲಿ ಹೊರಗೆ ಬಿಟ್ಟರು. ಒಳ್ಳೇ ಕೆಲಸ, ನಾವು ಮೆಚ್ಚಬೇಕು. ಮೈ ತುಂಬ ಬಣ್ಣ, ತೂಕ ಜಾಸ್ತಿ, ಮೊಟ್ಟೆ ನಾಟಿಗಿಂತ ಎರಡು ಪಟ್ಟಿಗೂ ಮೀರಿ. ಆದರೆ ಭಾರದ ಕೋಳಿ ಹಾರಲ್ಲ, ಓಡಲ್ಲ. 2005ರಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಸ್ವರ್ಣಧಾರ ತಳಿ ಬಿಟ್ಟರು. ವರ್ಷಕ್ಕೆ 180-190 ಮೊಟ್ಟೆ. ಇದರ ಇನ್ನೊಂದು ಗುಣ ಏನು ಅಂತ ಹೇಳಿದರು ಗೊತ್ತೇ? ಗಿರಿರಾಜಕ್ಕಿಂತ ಗಾತ್ರ ಚಿಕ್ಕದು, ತೂಕ ಕಮ್ಮಿ, ಹಾಗಾಗಿ ಕಾಡುಬೆಕ್ಕು ನರಿಗಳಿಂದ ತಪ್ಪಿಸಿಕೊಳ್ಳೋದು ಸುಲಭ ಅಂತ. 1989ರಿಂದ 2005, ನಡುವೆ 16 ವರ್ಷ. ಹಗುರ ಇರಬೇಕು, ಮಣ್ಣಿನ ಬಣ್ಣ ಇರಬೇಕು, ರಾತ್ರಿ ಹುಣಸೆಮರ ಹತ್ತೋ ರೆಕ್ಕೆ ಇರಬೇಕು ಅಂತ ನಮ್ಮ ಅಜ್ಜಿಯರು ಬಿತ್ತನೆಗೆ ಹುಂಜ ಆರಿಸುವಾಗಲೇ ಹೇಳ್ತಿದ್ದರು. ವಿಜ್ಞಾನ ಬೇಡ ಅನ್ನೋ ಮಾತಲ್ಲ ಇದು. ವಿಜ್ಞಾನದ ಮೇಜಿನ ಸುತ್ತ ಅಜ್ಜಿಗೂ ಒಂದು ಕುರ್ಚಿ ಹಾಕಿ ಅನ್ನೋ ಮಾತು.

ಲಸಿಕೆಯ ಕಥೆ ಕೇಳಿ. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಸುಮಾರಿಗೆ ಸೂಜಿ. ಆದರೆ ಶೀಷೆ ಬರೋದು ನೂರು ಕೋಳಿಗೆ, ಇನ್ನೂರು ಕೋಳಿಗೆ. ಅದನ್ನು ತಣ್ಣಗೆ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿ ಇರೋಳು ಏನು ಮಾಡಬೇಕು? ಶೀಷೆಯ ಅಳತೆ ನೋಡಿದರೇ ತಿಳಿಯುತ್ತೆ, ಅದನ್ನು ಮಾಡಿದವರ ಕಣ್ಣಲ್ಲಿ ಕೋಳಿ ಅಂದರೆ ಶೆಡ್ಡು, ಸಾಕೋನು ಅಂದರೆ ಸಾಹುಕಾರ. ಇದಕ್ಕೆ ನಮ್ಮ ಕೈಲೇ ಒಂದು ದಾರಿ ಇದೆ. ಕೇರಿಯ ಹನ್ನೆರಡು ಮನೆ ಸೇರಿ ಒಂದೇ ದಿನ, ಒಂದೇ ಬೆಳಿಗ್ಗೆ ಲಸಿಕೆ ಹಾಕಿಸಬೇಕು. ಸಂಘಟನೆ ಅಂದರೆ ಧ್ವಜ ಹಿಡಿಯೋದು ಒಂದೇ ಅಲ್ಲ, ಐಸು ತುಂಬಿದ ಫ್ಲಾಸ್ಕು ಹಿಡಿಯೋದೂ ಹೌದು.

ಮುಂಗುಸಿಯ ಮೇಲೆ ನಮಗೆ ಹಗೆ ಇಲ್ಲ. ಇದನ್ನು ಒತ್ತಿ ಹೇಳಬೇಕು. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯ್ತದೆ, ಕಾಯಲಿ. ಬಣ್ಣದ ಕುಂಚಕ್ಕಾಗಿ ಅದರ ಕೂದಲು ಕಿತ್ತು ಮಾರೋ ವ್ಯಾಪಾರ ನಿಲ್ಲಲಿ. ಅದು ಇಲಿ ಹಿಡಿಯುತ್ತೆ, ಹಾವು ಹಿಡಿಯುತ್ತೆ, ನಮ್ಮ ಮಕ್ಕಳು ಬರಿಗಾಲಲ್ಲಿ ನಡೆಯೋ ದಾರಿಯನ್ನು ಹಸನು ಮಾಡುತ್ತೆ. ಗುಂಡುತೋಪು ಕಡಿದರು, ಕೆರೆ ಅಂಗಳಕ್ಕೆ ಮಣ್ಣು ತುಂಬಿದರು, ಬೇಲಿ ಸಾಲು ಕಿತ್ತು ಕಾಂಪೌಂಡು ಎಬ್ಬಿಸಿದರು. ಮುಂಗುಸಿಗೂ ಸೈಟಿಲ್ಲ, ನಮಗೂ ಸೈಟಿಲ್ಲ. ಇಬ್ಬರೂ ಒಂದೇ ಖಾಲಿ ನಿವೇಶನದಲ್ಲಿ ಎದುರಾಗ್ತೀವಿ. ಅಲ್ಲಿ ಕಳಕೊಳ್ಳೋದು ಕೋಳಿ, ನಗೋದು ನಿವೇಶನದ ಮಾಲೀಕ. ನರಿ ಹಿಡಿದ ಕೋಳಿಗೆ, ಹದ್ದು ಒಯ್ದ ಮರಿಗೆ ಪರಿಹಾರ ಬಂದದ್ದನ್ನು ನಾವಂತೂ ಕಂಡಿಲ್ಲ. ಕಾಡುಪ್ರಾಣಿ ದೇಶದ ಆಸ್ತಿ ಅಂತಾರೆ, ಒಪ್ಪೋಣ. ದೇಶದ ಆಸ್ತಿಗೆ ಊಟ ಹಾಕೋಳು ಮಾತ್ರ ಕೇರಿಯ ಹೆಂಗಸು.

ಇಷ್ಟೆಲ್ಲ ಪ್ರಾಣಿಗಳ ಮಾತಾಯ್ತು. ಇನ್ನು ಪಂಚೆ ಉಟ್ಟವರ ಮಾತು. ನಮ್ಮ ಹಿರಿಯರು ಹೇಳೋ ಕಥೆಗಳಲ್ಲಿ ಹದ್ದಿಗಿಂತ ಹೆಚ್ಚು ಕೋಳಿ ಒಯ್ದವರು ಅವರೇ. ಸಾಹೇಬರು ಬಂದರೆ ಕೇರಿಯಿಂದ ಕೋಳಿ, ಹಬ್ಬ ಬಂದರೆ ಬಿಟ್ಟಿ ಕೋಳಿ, ಕೋಳಿ ಹೋಗಿ ಅವರ ಹೊಲ ಕೆದಕಿದರೆ ಕೋಳಿಯ ಕಾಲೂ ಮುರೀತಿತ್ತು, ಸಾಕಿದವಳ ಮಾನವೂ ಹೋಗ್ತಿತ್ತು. ಹದ್ದು ಮರಿ ಒಯ್ದರೆ ಬಾಯಿ ಮಾಡಬಹುದು. ಉಳ್ಳವರು ಒಯ್ದರೆ ಬಾಯಿ ಮುಚ್ಚಬೇಕು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕ್ತಾಳೆ. ಒಂದು ಹುಂಜಕ್ಕೆ ಇಷ್ಟು ರಂಪವೇ ಅಂತ ಕೇಳಿದವರಿಗೆ ಹುಂಜ ಒಂದೇ ಇರೋ ಮನೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಲವರ ಕಾಲೇಜಿನ ಫೀಜು ಕೋಳಿ ಮಾರಿದ ದುಡ್ಡು. ಪದವಿ ಪತ್ರದ ಮೇಲೆ ವಿಶ್ವವಿದ್ಯಾಲಯದ ಮುದ್ರೆ ಇದೆ, ಕೋಳಿಯ ಹೆಜ್ಜೆ ಇಲ್ಲ.

ಕೋಳಿಯ ಹಿರಿಮೆ ಏನೆಂದರೆ ಅದಕ್ಕೆ ಪಹಣಿ ಬೇಡ. ಹೊಲ ಇಲ್ಲದವಳಿಗೂ ಕೋಳಿ ಸಿಕ್ಕುತ್ತೆ. ಕೋಳಿಯೇ ಇಲ್ಲದವಳು ವಾರಕ್ಕೆ ತರ್ತಾಳೆ: ಒಬ್ಬರ ಹೇಂಟೆ ತಂದು ಸಾಕಿ, ಮರಿ ದೊಡ್ಡವಾದ ಮೇಲೆ ಅರ್ಧ ಅವರಿಗೆ, ಅರ್ಧ ತನಗೆ. ಕಾಗದ ಇಲ್ಲ, ಬಡ್ಡಿ ಇಲ್ಲ, ಜಾಮೀನು ಇಲ್ಲ. ಹದ್ದು ಒಯ್ದರೆ ನಷ್ಟ ಇಬ್ಬರದೂ. ಇಂಥ ನ್ಯಾಯವಾದ ಸಾಲ ಯಾವ ಬ್ಯಾಂಕಲ್ಲಿದೆ? ಆದರೆ ಕೋಳಿಗೆ ಪಹಣಿ ಬೇಡವಾದರೂ ಕೆದಕೋಕೆ ಒಂದಿಷ್ಟು ಮಣ್ಣು ಬೇಕು. ಇಪ್ಪತ್ತು ಮೂವತ್ತರ ಸೈಟಿನಲ್ಲಿ, ಮೂರನೇ ಮಹಡಿಯ ಸರ್ಕಾರಿ ಮನೆಯಲ್ಲಿ ಆ ಮಣ್ಣು ಎಲ್ಲಿದೆ? ಸೂರು ಕೊಟ್ಟೆವು ಅಂತಾರೆ. ಹಿತ್ತಲು ಕಿತ್ತುಕೊಂಡದ್ದನ್ನು ಹೇಳಲ್ಲ.

ಮೇಷ್ಟರುಗಳಿಗೆ ಒಂದು ಮಾತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂತು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಮಕ್ಕಳ ಕೊರಗಿದ ಮೈ ನೋಡಿ ಮಾಡಿದ ಕೆಲಸ ಅದು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಟ್ಟೆಯಿಂದ ಜಾರಲಿಲ್ಲ; ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ ವಾರಕ್ಕೆ 6 ದಿನದ ಮಾತಾಯ್ತು. ಇದು ಗೆಲುವೇ. ಆದರೆ ಆ ಮೊಟ್ಟೆ ಬರೋದು ಎಲ್ಲಿಂದ? ಸಾವಿರ ಸಾವಿರ ಕೋಳಿಯನ್ನು ಪಂಜರಕ್ಕೆ ಹಾಕಿದ ಫಾರಂಗಳಿಂದ. ಅದೇ ಶಾಲೆಯ ಮಗುವಿನ ತಾಯಿ ನಾಲ್ಕು ಮೊಟ್ಟೆ ಸೆರಗಲ್ಲಿ ಕಟ್ಟಿಕೊಂಡು ಸಂತೆಗೆ ನಡೀತಾಳೆ. ಶಾಲೆಗೂ ಅವಳ ಹಿತ್ತಲಿಗೂ ನಡುವೆ ಒಂದು ದಾರಿ ಹಾಕೋದು ಅಷ್ಟು ಕಷ್ಟವೇ? ವಾರಕ್ಕೆ ಒಂದು ದಿನದ ಮೊಟ್ಟೆಯನ್ನಾದರೂ ಊರ ಹೆಂಗಸರ ಸಂಘದಿಂದ ಕೊಳ್ಳಲಿ. ಆಗ ಕೇರಿಯ ಮೊಟ್ಟೆಯನ್ನು ಊರ ಮಕ್ಕಳೆಲ್ಲ ಒಂದೇ ಸಾಲಲ್ಲಿ ಕೂತು ತಿಂತಾರೆ. ಕಲ್ಯಾಣ ಅನ್ನೋ ಹೆಸರಿಗೆ ಅರ್ಥ ಬರೋದು ಅಲ್ಲಿ, ಬಡಾವಣೆಯ ಕಮಾನಿನ ಮೇಲಲ್ಲ.

ನಾವು ಕೇಳೋದು ದಾನವಲ್ಲ. ಹತ್ತು ಕೋಳಿಗೆ ಸಾಕಾಗೋ ಲಸಿಕೆಯ ಶೀಷೆ. ಬೆಕ್ಕಿನ ಕೈ ತೂರದ ಬಲೆಯ ಗೂಡಿಗೆ ನೆರವು. ಕಾಡುಪ್ರಾಣಿ ತಿಂದದ್ದಕ್ಕೆ ದನದ ಹಾಗೆ ಕೋಳಿಗೂ ಲೆಕ್ಕ. ಮುಂಗುಸಿಗೆ ಅದರ ಪೊದೆ, ಹದ್ದಿಗೆ ಅದರ ಕೆರೆ. ನಮಗೆ ಮನೆಯ ಹಿಂದೆ ಕೋಳಿ ಕೆದಕುವಷ್ಟು ನೆಲ. ಕೋಳಿ ಕಾಯೋದು ನಮಗೆ ಗೊತ್ತು, ಯಾರೂ ಕಲಿಸಬೇಕಿಲ್ಲ. ಆ ನೆಲವನ್ನು ಕೇಳಿ ಪಡೆಯೋದನ್ನು ಮಾತ್ರ ನಾವು ಒಟ್ಟಾಗಿ ಕಲೀಬೇಕು.