ತಿರುಪಿನ ಲೆಕ್ಕ

ಹೋದ ವರ್ಷದ ಆಷಾಢದಲ್ಲಿ, ಕಾಪುವಿನ ದೀಪಸ್ತಂಭದ ಬಳಿ ನಾಡದೋಣಿಯಿಟ್ಟುಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬನು ಎರಡು ಪ್ರೊಪೆಲ್ಲರುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ನಮ್ಮ ಜಗಲಿಗೆ ಬಂದನು. ಜೂನ್ ೧ರಿಂದ ಜುಲೈ ೩೧ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ ನಿಷೇಧವಷ್ಟೆ. ೧೦ ಅಶ್ವಶಕ್ತಿಗೆ ಮೀರದ ಎಂಜಿನಿನ ನಾಡದೋಣಿಗಳಿಗೆ ಅದೇ ಸಂಪಾದನೆಯ ಕಾಲ.

“ಮಾಷ್ಟ್ರೇ, ಇವೆರಡರಲ್ಲಿ ಯಾವುದನ್ನು ಹಾಕಲಿ? ನೀವು ಲೆಕ್ಕ ನೋಡಿ ಹೇಳಬೇಕು” ಎಂದನು.

ಎರಡರ ವ್ಯಾಸವೂ ಒಂದೇ. ಆದರೆ ಒಂದರ ಪಿಚ್ಚು ೮ ಅಂಗುಲ, ಮತ್ತೊಂದರದು ೧೧. ತಿರುಪುಮೊಳೆಯು ಮರದೊಳಗೆ ಇಳಿಯುವಂತೆ, ಪ್ರೊಪೆಲ್ಲರು ನೀರಿನಲ್ಲಿ ಜಾರದೆ ತಿರುಗಿದರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋದೀತೋ ಅದೇ ಪಿಚ್ಚು. ಪಾಠಶಾಲೆಯಲ್ಲಿ ಕಲಿತು, ಮೂವತ್ತು ವರ್ಷ ಮಕ್ಕಳಿಗೆ ತ್ರೈರಾಶಿಕವನ್ನು ಬೋಧಿಸಿದ ನನಗೆ ಇದರಲ್ಲಿ ಸಂಶಯವೇ ತೋರಲಿಲ್ಲ. “ಹನ್ನೊಂದರದನ್ನೇ ಹಾಕು” ಎಂದೆನು.

ಮೂರನೆಯ ದಿನ, ಬಲೆಯನ್ನೂ ಐದು ಜನರನ್ನೂ ಹೊತ್ತ ಆ ದೋಣಿಯು ತೆರೆಯೊಡೆಯುವ ಸ್ಥಳವನ್ನು ದಾಟಲಾರದೆ ನಿಂತಿತು. ಎಂಜಿನು ನರಳಿತೇ ಹೊರತು ಅದರ ಸುತ್ತು ಏರಲಿಲ್ಲ. ಅಷ್ಟರಲ್ಲಿ ಅಡ್ಡಬಂದ ತೆರೆಯೊಂದು ದೋಣಿಯನ್ನು ಮಗುಚಿತು. ಜನರು ಈಜಿ ದಡ ಸೇರಿದರು, ಬಲೆ ಹೋಯಿತು. ಅದರ ಸಾಲವಿನ್ನೂ ತೀರಿರಲಿಲ್ಲ. ಸಂಜೆ ಬಂದವನು “ತೆರೆ ಜೋರಿತ್ತು, ಮಾಷ್ಟ್ರೇ” ಎಂದನಲ್ಲದೆ ನನ್ನ ಲೆಕ್ಕದ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ನನಗೆ ಆ ರಾತ್ರಿ ನಿದ್ರೆ ಬರುತ್ತಿತ್ತೋ ಏನೋ.

ಮರುದಿನ ಮಲ್ಪೆಗೆ ಹೋಗಿ ಎಂಜಿನು ರಿಪೇರಿಯವನೊಬ್ಬನನ್ನು ವಿಚಾರಿಸಿದೆನು. “ಆಗುಂಬೆ ಘಟ್ಟವನ್ನು ಬಸ್ಸು ಟಾಪ್ ಗೇರಿನಲ್ಲಿ ಹತ್ತುತ್ತದೆಯೇ, ಮಾಷ್ಟ್ರೇ?” ಎಂದು ಅವನು ನಕ್ಕನು. ಹೆಚ್ಚು ಪಿಚ್ಚು ಹಗುರವಾದ ದೋಣಿಗೆ. ಭಾರ ಹೊರುವುದಕ್ಕೆ ಕಡಿಮೆಯದೇ ಬೇಕು. ಪೂರ್ಣ ಭಾರವನ್ನಿಟ್ಟು, ಎಂಜಿನನ್ನು ಪೂರ್ತಿ ಬಿಟ್ಟು, ನಿಮಿಷಕ್ಕೆಷ್ಟು ಸುತ್ತೆಂದು ಅಳೆಯಬೇಕು. ಈ ಎಂಜಿನಿಗೆ ಕೈಪಿಡಿಯಲ್ಲಿ ಹೇಳಿರುವುದು ೪,೫೦೦ರಿಂದ ೫,೫೦೦. ಅಷ್ಟು ಏರದಿದ್ದರೆ ಪಿಚ್ಚನ್ನು ಇಳಿಸಬೇಕು, ಮೀರಿದರೆ ಏರಿಸಬೇಕು. ಒಂದಂಗುಲಕ್ಕೆ ಸುಮಾರು ೨೦೦ ಸುತ್ತಿನ ವ್ಯತ್ಯಾಸ. ಇದೂ ತ್ರೈರಾಶಿಕವೇ; ಆದರೆ ಭಾರವೆಂಬ ರಾಶಿಯನ್ನೇ ನಾನು ಬಿಟ್ಟಿದ್ದೆನು!

೧೮೩೭ರಲ್ಲಿ ಇಂಗ್ಲೆಂಡಿನ ಸ್ಮಿತ್ ಎಂಬ ರೈತನು ತನ್ನ ದೋಣಿಗೆ ಉದ್ದನೆಯ ಮರದ ತಿರುಪನ್ನು ಜೋಡಿಸಿ ಓಡಿಸುತ್ತಿದ್ದಾಗ, ಅದರ ಅರ್ಧಭಾಗವು ಮುರಿದುಹೋಗಿ ದೋಣಿಯ ವೇಗವು ಇಮ್ಮಡಿಯಾಯಿತಂತೆ. ಆತನ ಪುಣ್ಯ, ತಪ್ಪು ಲಾಭವಾಯಿತು.

ಆ ವಾರವೇ ಇಬ್ಬರೂ ಅಳೆಯಿಸಿದೆವು. ಭಾರವಿಟ್ಟಾಗ ಹನ್ನೊಂದರದಕ್ಕೆ ೪,೦೦೦, ಎಂಟರದಕ್ಕೆ ೪,೬೦೦. ದೋಣಿ ಈಗ ತೆರೆ ದಾಟುತ್ತದೆ. ಬಲೆಯ ಬೆಲೆಯಲ್ಲಿ ಅರ್ಧವನ್ನಾದರೂ ತೆಗೆದುಕೊಳ್ಳೆಂದರೆ ಅವನು ಇದುವರೆಗೂ ಒಪ್ಪಿಲ್ಲ. ಈ ತಿಂಗಳ ಪಿಂಚಣಿ ಬಂದೊಡನೆ ಅವನ ತಾಯಿಯ ಕೈಗೆ ಕೊಟ್ಟುಬರಬೇಕೆಂದಿದ್ದೇನೆ.